ಲಂಡನ್ನಿನ ಹಾಪ್ ಆನ್ ಹಾಪ್ ಆಫ್ ಬಸ್ಸು: ಮೊದಲ ಸಲ ಹೋಗುವವರಿಗೆ

ಲಂಡನ್ನಿಗೆ ಮೊದಲ ಸಲ ಹೋಗುವ ನಮ್ಮವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ದಿನ ಇರುತ್ತದೆ. ನೋಡಲೇಬೇಕೆಂದು ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಮಾತ್ರ ಇಪ್ಪತ್ತು ಜಾಗಗಳಿರುತ್ತವೆ. ಮಗನ ಅಥವಾ ಮಗಳ ಮನೆಗೆ ಬಂದ ತಂದೆತಾಯಿಗಳಿರಬಹುದು, ಕಚೇರಿ ಕೆಲಸದ ಮೇಲೆ ಬಂದು ವಾರಾಂತ್ಯವನ್ನು ಉಳಿಸಿಕೊಂಡವರಿರಬಹುದು, ಯುರೋಪ್ ಪ್ರವಾಸದ ನಡುವೆ ಇಲ್ಲಿ ತಂಗಿದವರಿರಬಹುದು, ಅವರೆಲ್ಲರ ಕಣ್ಣಿಗೂ ಮೊದಲು ಬೀಳುವುದು ಮೇಲೆ ಛಾವಣಿಯಿಲ್ಲದ, ಎರಡು ಮಹಡಿಯ ಪ್ರವಾಸಿ ಬಸ್ಸು. ಮೈಸೂರಿನಲ್ಲಿ ಅಂಬಾರಿ ಬಸ್ಸಿನ ಮೇಲೆ ಕುಳಿತು ದಸರಾ ದೀಪಾಲಂಕಾರ ನೋಡಿದವರಿಗೆ ಅದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಟಿಕೆಟ್ಟು ಕೊಂಡರೆ, ಅದರ ಅವಧಿ ಮುಗಿಯುವವರೆಗೆ ಬೇಕಾದ ನಿಲ್ದಾಣದಲ್ಲಿ ಇಳಿದು, ನೋಡುವುದನ್ನು ನೋಡಿಕೊಂಡು ಬಂದು, ಅದೇ ಸಂಸ್ಥೆಯ ಮುಂದಿನ ಬಸ್ಸನ್ನು ಎಷ್ಟು ಸಲ ಬೇಕಾದರೂ ಹತ್ತಬಹುದೆಂಬುದು ಇಲ್ಲಿನ ವಿಶೇಷ.

ಈ ಬಸ್ಸಿನಿಂದ ಸಂತೋಷಪಟ್ಟವರನ್ನೂ, ದುಡ್ಡು ದಂಡವಾಯಿತೆಂದು ಗೊಣಗಿದವರನ್ನೂ ನಾನು ಹೆಚ್ಚುಕಡಿಮೆ ಸಮಸಮವಾಗಿ ಕಂಡಿದ್ದೇನೆ. ಗೊಣಗಿದವರಲ್ಲಿ ಬಹುಪಾಲು ಜನ ಅದನ್ನು ಊರೊಳಗೆ ಓಡಾಡುವ ವಾಹನವಾಗಿ ಬಳಸಲು ಹೊರಟವರು. ಆ ಕೆಲಸಕ್ಕೆ ಲಂಡನ್ನಿನಲ್ಲಿ ಸುರಂಗ ರೈಲೂ ಸಾಮಾನ್ಯ ಕೆಂಪು ಬಸ್ಸೂ ಇವೆ. ಅವು ಅಗ್ಗ, ಹಲವು ಸಲ ಬೇಗ ಕೂಡ. ಪ್ರವಾಸಿ ಬಸ್ಸು ಕೊಡುವುದು ಬೇರೆಯದನ್ನು: ಯಾವುದು ಯಾವುದರ ಪಕ್ಕದಲ್ಲಿದೆ, ನದಿ ಎಲ್ಲಿ ತಿರುಗುತ್ತದೆ, ಎಲ್ಲಿಂದ ಎಲ್ಲಿಗೆ ನಡೆದೇ ಹೋಗಬಹುದು ಎಂಬುದನ್ನು ಎರಡು ಎರಡೂವರೆ ಗಂಟೆಯಲ್ಲಿ ಕಣ್ಣಿಗೆ ಕಟ್ಟಿಸಿಬಿಡುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲು ದಿನವನ್ನು ಆರಿಸಿಕೊಳ್ಳಿ

ಯುರೋಪಿನ ಬೇರೆ ದೇಶಗಳ ಜೊತೆಗೆ ಲಂಡನ್ನನ್ನೂ ಸೇರಿಸಿಕೊಂಡವರು ಮೊದಲೇ ತಿಳಿದಿರಬೇಕಾದ ಮಾತೊಂದಿದೆ: ಷೆಂಗನ್ ವೀಸಾ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ವೀಸಾ ಬೇಕು. ಅದೊಂದು ಆಯಿತೆಂದರೆ, ವಿಮಾನ ಇಳಿದ ದಿನವೇ ಬಸ್ಸು ಹತ್ತುವ ಯೋಚನೆಯನ್ನು ಬಿಡಿ. ಎಲ್ಲಿಗೂ ನಡೆಯದೆ ಕುಳಿತೇ ಊರು ನೋಡಬಹುದಲ್ಲ ಎಂದು ಹಲವರು ಹೀಗೆ ಸಲಹೆ ಕೊಡುತ್ತಾರೆ, ಆದರೆ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ಗಂಟೆಯ, ಚಳಿಗಾಲದಲ್ಲಿ ಐದೂವರೆ ಗಂಟೆಯ ವ್ಯತ್ಯಾಸವಿದೆ. ಅಲ್ಲಿ ಸಂಜೆ ಐದಾದಾಗ ನಿಮ್ಮ ಮೈಗೆ ರಾತ್ರಿ ಹತ್ತರ ಹೊತ್ತು. ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿರುವಾಗ ಸೇಂಟ್ ಪಾಲ್ಸ್ ಇಗರ್ಜಿಯ ಎದುರೇ ತೂಕಡಿಸಿದವರನ್ನು ನೋಡಿದ್ದೇನೆ. ಆ ದಿನ ಹೋಟೆಲಿನ ಸುತ್ತಮುತ್ತ ನಡೆದಾಡಿ, ಬೇಗ ಮಲಗುವುದು ಒಳ್ಳೆಯದು.

ಭಾನುವಾರದ ಬಗ್ಗೆ ಎರಡು ಮಾತು. ಸೇಂಟ್ ಪಾಲ್ಸ್ ಮತ್ತು ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎರಡೂ ಆ ದಿನ ಪ್ರಾರ್ಥನೆಗೆ ಮೀಸಲು. ಪ್ರವಾಸಿಗಳಾಗಿ ಒಳಗೆ ಸುತ್ತುವಂತಿಲ್ಲ. ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ದ ಮಾಲ್ ರಸ್ತೆಯಲ್ಲೂ ಭಾನುವಾರ ವಾಹನಗಳಿರುವುದಿಲ್ಲ, ನಡೆಯುವವರಿಗೆ ಅದು ಹಬ್ಬ. ಶನಿವಾರಗಳಂದು ಮೆರವಣಿಗೆ, ಪ್ರತಿಭಟನೆಗಳಿಂದ ವೈಟ್‌ಹಾಲ್ ಮತ್ತು ಸಂಸತ್ತಿನ ಸುತ್ತಲಿನ ರಸ್ತೆಗಳು ಮುಚ್ಚುವುದು ಅಪರೂಪವಲ್ಲ. ಏಪ್ರಿಲ್‌ನ ಒಂದು ಭಾನುವಾರ ನಡೆಯುವ ಲಂಡನ್ ಮ್ಯಾರಥಾನ್ ಟವರ್ ಬ್ರಿಜ್‌ನ ಮೇಲೆಯೇ ಹಾದುಹೋಗಿ ದ ಮಾಲ್‌ನಲ್ಲಿ ಮುಗಿಯುತ್ತದೆ. ಅಂದು ಪ್ರವಾಸಿ ಬಸ್ಸಿಗೆ ಟಿಕೆಟ್ಟು ಕೊಳ್ಳುವುದು ವ್ಯರ್ಥ. ಮಂಗಳವಾರವೋ ಗುರುವಾರವೋ ನಿಮ್ಮ ಕೈಯಲ್ಲಿದ್ದರೆ ಅದನ್ನೇ ಆರಿಸಿಕೊಳ್ಳಿ. ಡಿಸೆಂಬರಿನಲ್ಲಿ ಹೋಗುವವರು ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆಂಬುದನ್ನು ನೆನಪಿಡಬೇಕು. ಜೂನ್‌ನಲ್ಲಾದರೆ ರಾತ್ರಿ ಒಂಬತ್ತರವರೆಗೂ ಬೆಳಕು.

ಟಿಕೆಟ್ಟು ಕೊಳ್ಳುವಾಗ

ಬಿಗ್ ಬಸ್, ಟೂಟ್‌ಬಸ್, ಗೋಲ್ಡನ್ ಟೂರ್ಸ್ ಎಂಬ ಸಂಸ್ಥೆಗಳು ಈ ಸೇವೆಯಲ್ಲಿ ಹೆಸರು ಮಾಡಿರುವಂಥವು. ಎಲ್ಲವೂ ಹೆಚ್ಚುಕಡಿಮೆ ಅವೇ ಜಾಗಗಳನ್ನು ಸುತ್ತುತ್ತವೆ, ಆದ್ದರಿಂದ ಯಾವುದು ಶ್ರೇಷ್ಠವೆಂಬ ಚರ್ಚೆಗಿಂತ ಟಿಕೆಟ್ಟಿನ ಷರತ್ತುಗಳನ್ನು ಓದುವುದರಲ್ಲಿ ಹೊತ್ತು ಕಳೆಯಿರಿ. ಅದರಲ್ಲೂ ಒಂದು ಪ್ರಶ್ನೆಗೆ ಉತ್ತರ ಸಿಗದೆ ಹಣ ಕೊಡಬೇಡಿ: ‘ಒಂದು ದಿನ’ ಎಂದರೆ ಆ ತಾರೀಖಿನ ಕೊನೆಯ ಬಸ್ಸಿನವರೆಗೆ ಎಂದೋ, ಮೊದಲ ಸಲ ಹತ್ತಿದ ಗಳಿಗೆಯಿಂದ 24 ಗಂಟೆ ಎಂದೋ? ಎರಡೂ ಬಗೆಯ ಟಿಕೆಟ್ಟುಗಳು ಮಾರಾಟದಲ್ಲಿರುತ್ತವೆ, ನೋಡುವುದಕ್ಕೆ ಒಂದೇ ರೀತಿ ಇರುತ್ತವೆ, ಬೆಲೆಯೂ ಆಸುಪಾಸು ಒಂದೇ.

24 ಗಂಟೆಯ ಟಿಕೆಟ್ಟು ಸಿಕ್ಕರೆ ಅದನ್ನು ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡುವುದು ನಷ್ಟದ ವ್ಯಾಪಾರ. ಈ ಬಸ್ಸುಗಳು ಸಂಜೆ ಐದು-ಆರರ ಹೊತ್ತಿಗೆ ಓಡಾಟ ಮುಗಿಸುತ್ತವೆ, ಹೀಗಾಗಿ ನಿಮಗೆ ಸಿಗುವುದು ಎಂಟು ಗಂಟೆ ಮಾತ್ರ. ಉಳಿದ ಹದಿನಾರು ಗಂಟೆ ನೀವು ಊಟ ಮಾಡಿ ನಿದ್ದೆ ಹೊಡೆದಿರುತ್ತೀರಿ. ಅದೇ ಟಿಕೆಟ್ಟನ್ನು ಮಧ್ಯಾಹ್ನ ಒಂದೂವರೆಗೆ ಶುರು ಮಾಡಿದರೆ, ಅಂದಿನ ಅರ್ಧ ದಿನ ಇಳಿಯದೆ ಒಂದು ಪೂರ್ತಿ ಸುತ್ತು ಹಾಕಿ, ಮಾರನೆಯ ದಿನ ಬೆಳಿಗ್ಗೆಯಿಂದ ಒಂದೂವರೆಯವರೆಗೆ ನಿಮಗೆ ಬೇಕಾದಲ್ಲಿ ಇಳಿಯಬಹುದು. ಒಂದೇ ಬೆಲೆಗೆ ಎರಡು ದಿನದ ಉಪಯೋಗ. ಈ ಮಾರ್ಗದರ್ಶಿಯಲ್ಲಿ ನೀವು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ದೊಡ್ಡವರ ಒಂದು ದಿನದ ಟಿಕೆಟ್ಟು ಮೂವತ್ತು-ನಲವತ್ತು ಪೌಂಡಿನ ಸುತ್ತ ಇರುತ್ತದೆ. ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಮುಂಚಿತವಾಗಿ ಕೊಂಡರೆ ಹಲವು ಬಾರಿ ರಿಯಾಯಿತಿ ಸಿಗುತ್ತದೆ. ಕೆಲವು ಟಿಕೆಟ್ಟುಗಳಲ್ಲಿ ಥೇಮ್ಸ್ ನದಿಯ ದೋಣಿ ಪ್ರಯಾಣವೂ ಸೇರಿರುತ್ತದೆ. ಅದು ಸೇರಿದ್ದರೆ ಖಂಡಿತ ಬಳಸಿಕೊಳ್ಳಿ. ಟ್ರಾಫಿಕ್ಕಿನಲ್ಲಿ ಬಸ್ಸು ತೆವಳುವ ದಿನ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರ್‌ನಿಂದ ಟವರ್ ಕೋಟೆಗೆ ನೀರಿನ ದಾರಿಯೇ ಲೇಸು. ಆದರೆ ವಸ್ತುಸಂಗ್ರಹಾಲಯ, ಮೇಣದ ಗೊಂಬೆ, ಜೇಂಟ್ ವೀಲ್ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಡುವ ದುಬಾರಿ ಪಾಸುಗಳನ್ನು ಕೊಳ್ಳುವ ಮುನ್ನ, ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇವೆಲ್ಲಕ್ಕೂ ಸಾಮಾನ್ಯ ಪ್ರವೇಶ ಉಚಿತವೆಂಬುದು ತಿಳಿದಿರಲಿ.

ನಾನು ಮೊದಲ ಸಲ ಹೋದಾಗ ರೈಲು ನಿಲ್ದಾಣದ ಹೊರಗೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದವನ ಬಳಿ ಅವಸರದಲ್ಲಿ ಟಿಕೆಟ್ಟು ಕೊಂಡಿದ್ದೆ. ಯಾವ ಸಂಸ್ಥೆಯದೆಂದು ಸರಿಯಾಗಿ ನೋಡಿರಲಿಲ್ಲ. ಎದುರಿಗೇ ಇದ್ದ ಕಂಬದ ಕೆಳಗೆ ನಲವತ್ತು ನಿಮಿಷ ನಿಂತೆ. ಒಂದರ ಹಿಂದೊಂದು ಬಸ್ಸು ಬಂದವು, ಹೋದವು, ಒಂದೂ ನನ್ನದಲ್ಲ. ನನ್ನ ಟಿಕೆಟ್ಟಿನ ಸಂಸ್ಥೆಯ ನಿಲ್ದಾಣ ಮೂಲೆ ತಿರುಗಿದರೆ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಒಂದೊಂದು ಸಂಸ್ಥೆಗೂ ಪ್ರತ್ಯೇಕ ನಿಲ್ದಾಣಗಳಿರುತ್ತವೆ, ಒಂದೇ ಸಂಸ್ಥೆಯಲ್ಲೂ ಬೇರೆ ಬೇರೆ ಬಣ್ಣದ ಮಾರ್ಗಗಳಿರುತ್ತವೆ. ಆದ್ದರಿಂದ ಟಿಕೆಟ್ಟು ಕೊಂಡ ಕೂಡಲೇ ಸಂಸ್ಥೆಯ ಆ್ಯಪನ್ನು ಮೊಬೈಲಿಗೆ ಇಳಿಸಿಕೊಂಡು, ನಕ್ಷೆಯಲ್ಲಿ ನಿಮ್ಮ ನಿಲ್ದಾಣ ಎಲ್ಲಿದೆ, ಬಸ್ಸು ಈಗ ಎಲ್ಲಿ ಬರುತ್ತಿದೆ ಎಂಬುದನ್ನು ನೋಡಿಕೊಳ್ಳಿ. ಹೋಟೆಲಿನಲ್ಲಿ ವೈ-ಫೈ ಇರುವಾಗಲೇ ನಕ್ಷೆಯ ಚಿತ್ರವೊಂದನ್ನು ಉಳಿಸಿಟ್ಟುಕೊಳ್ಳಿ.

ಎಲ್ಲಿ ಕೂರಬೇಕು

ಎಲ್ಲರೂ ಹತ್ತುವ ಟ್ರಫಾಲ್ಗರ್ ಚೌಕದಲ್ಲೋ ಲಂಡನ್ ಐ ಎಂಬ ಜೇಂಟ್ ವೀಲ್ ಬಳಿಯಲ್ಲೋ ಹತ್ತಿದರೆ ಮೇಲಿನ ಮಹಡಿಯಲ್ಲಿ ಜಾಗ ಸಿಗುವುದು ಕಷ್ಟ. ವಿಕ್ಟೋರಿಯಾ ಅಥವಾ ಮಾರ್ಬಲ್ ಆರ್ಚ್ ಕಡೆಯ ನಿಲ್ದಾಣಗಳಲ್ಲಿ ಹತ್ತಿದರೆ ಮುಂದಿನ ಸಾಲು ಸಿಗುವ ಸಾಧ್ಯತೆ ಹೆಚ್ಚು. ಹಲವು ಬಸ್ಸುಗಳಲ್ಲಿ ಮೇಲಿನ ಮಹಡಿಯ ಮುಂಭಾಗಕ್ಕೆ ಮಾತ್ರ ಗಾಜು ಮತ್ತು ಛಾವಣಿ ಇರುತ್ತದೆ, ಹಿಂಭಾಗ ಬಯಲು. ಚಳಿ ತಡೆಯದವರು ಮುಂದೆ, ಫೋಟೊ ತೆಗೆಯುವವರು ಹಿಂದೆ ಕೂರಬಹುದು. ಜುಲೈ ತಿಂಗಳಾದರೂ ಒಂದು ಜಾಕೆಟ್ಟು ಮತ್ತು ಕಿವಿ ಮುಚ್ಚುವ ಟೋಪಿ ಜೊತೆಗಿರಲಿ. ಕೆಳಗೆ ಹಿತವಾಗಿರುವ ಗಾಳಿ ಮೇಲೆ ಕುಳಿತಾಗ ಚುಚ್ಚುತ್ತದೆ. ಬಸ್ಸು ಚಲಿಸುವಾಗ ಎದ್ದು ನಿಲ್ಲಬಾರದು, ರಸ್ತೆ ಬದಿಯ ಮರದ ಕೊಂಬೆಗಳು ತಲೆಯ ಮಟ್ಟಕ್ಕೇ ಬರುತ್ತವೆ.

ಎಡಗಡೆಯೋ ಬಲಗಡೆಯೋ ಎಂಬುದು ಸಣ್ಣ ವಿಷಯವೆನಿಸಬಹುದು, ಆದರೆ ಅದರಿಂದ ನೋಟವೇ ಬದಲಾಗುತ್ತದೆ. ಲಂಡನ್ನಿನಲ್ಲೂ ನಮ್ಮಂತೆಯೇ ವಾಹನಗಳು ರಸ್ತೆಯ ಎಡಕ್ಕೆ ಓಡುತ್ತವೆ. ಟ್ರಫಾಲ್ಗರ್ ಚೌಕದಿಂದ ವೈಟ್‌ಹಾಲ್ ಮೂಲಕ ಸಂಸತ್ತಿನ ಕಡೆಗೆ ಹೋಗುವ ಬಸ್ಸಿನಲ್ಲಿ ಬಲಗಡೆ ಕುಳಿತವರಿಗೆ ಕುದುರೆ ಸವಾರರು ಕಾವಲು ನಿಲ್ಲುವ ಹಾರ್ಸ್ ಗಾರ್ಡ್ಸ್ ಮತ್ತು ಬ್ರಿಟನ್ ಪ್ರಧಾನಿಯ ಮನೆಯಿರುವ ಡೌನಿಂಗ್ ಸ್ಟ್ರೀಟಿನ ಕಬ್ಬಿಣದ ಗೇಟು ಕಾಣುತ್ತವೆ. ಎಡಗಡೆ ಕುಳಿತವರಿಗೆ ಬ್ಯಾಂಕ್ವೆಟಿಂಗ್ ಹೌಸ್, ಅಂದರೆ 1649ರಲ್ಲಿ ದೊರೆ ಮೊದಲನೆಯ ಚಾರ್ಲ್ಸ್‌ನ ತಲೆ ತೆಗೆದ ಜಾಗ. ಟವರ್ ಬ್ರಿಜ್‌ನ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಎಡಗಡೆ ಕುಳಿತರೆ ಟವರ್ ಕೋಟೆ ಮತ್ತು ಸಿಟಿಯ ಗಾಜಿನ ಗೋಪುರಗಳು ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ. ಲಂಡನ್ ಐ ಕಡೆಯಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುವಾಗಲೂ ಎಡಗಡೆಯೇ ಒಳ್ಳೆಯದು, ಸಂಸತ್ ಭವನದ ಉದ್ದನೆಯ ಮುಖ ಪೂರ್ತಿಯಾಗಿ ಎದುರಾಗುತ್ತದೆ.

ವಿವರಣೆ ಎರಡು ಬಗೆಯದು. ಕೆಲವು ಬಸ್ಸುಗಳಲ್ಲಿ ಮಾರ್ಗದರ್ಶಿಯೊಬ್ಬರು ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಉಳಿದವುಗಳಲ್ಲಿ ಸೀಟಿನ ಪಕ್ಕದ ರಂಧ್ರಕ್ಕೆ ಇಯರ್‌ಫೋನ್ ಸಿಕ್ಕಿಸಿ, ಭಾಷೆಯ ಸಂಖ್ಯೆ ಆರಿಸಿ ಕೇಳಬೇಕು. ಕನ್ನಡವನ್ನು ನಿರೀಕ್ಷಿಸಬೇಡಿ. ಸಾಧ್ಯವಿದ್ದರೆ ಮನುಷ್ಯರು ಮಾತನಾಡುವ ಬಸ್ಸನ್ನೇ ಹತ್ತಿ, ಏಕೆಂದರೆ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಧ್ವನಿಮುದ್ರಿಕೆ ಸುಮ್ಮನಾಗುತ್ತದೆ ಅಥವಾ ಸಂಗೀತ ಹಾಕುತ್ತದೆ. ಮಾರ್ಗದರ್ಶಿಯಾದರೆ ಎದುರಿಗಿರುವ ಹೆಂಡದಂಗಡಿಯ ಕಥೆಯನ್ನಾದರೂ ಹೇಳುತ್ತಾನೆ. ಅಪ್ಪ-ಅಮ್ಮನಿಗೆ ಇಂಗ್ಲಿಷ್ ಸಲೀಸಲ್ಲದಿದ್ದರೆ, ಹಿಂದಿನ ರಾತ್ರಿ ಮಾರ್ಗದ ಹತ್ತು ಜಾಗಗಳ ಬಗ್ಗೆ ನೀವೇ ಓದಿಕೊಂಡು ಬಂದು ಪಕ್ಕದಲ್ಲಿ ಕುಳಿತು ಹೇಳಿ.

ಮೊದಲ ಸುತ್ತಿನಲ್ಲಿ ಇಳಿಯಬೇಡಿ

ಬಸ್ಸು ಹತ್ತಿದ ಮೇಲೆ ಮೊದಲ ಸುತ್ತನ್ನು ಒಂದೂ ಕಡೆ ಇಳಿಯದೆ ಮುಗಿಸಿ. ಬಿಗ್ ಬೆನ್ ಕಂಡ ಕೂಡಲೇ ಧುಮುಕಬೇಕೆನಿಸುವುದು ಸಹಜ, ಆದರೂ ತಡೆದುಕೊಳ್ಳಿ. ಪೂರ್ತಿ ಸುತ್ತು ಹಾಕಿದವರಿಗೆ ಗೊತ್ತಾಗುವ ಸಂಗತಿಗಳು ನಕ್ಷೆ ನೋಡಿದವರಿಗೆ ಹೊಳೆಯುವುದಿಲ್ಲ. ಟ್ರಫಾಲ್ಗರ್ ಚೌಕದಿಂದ ಸಂಸತ್ತಿಗೆ ಹತ್ತು-ಹದಿನೈದು ನಿಮಿಷದ ನಡಿಗೆ ಸಾಕು, ಬಸ್ಸಿಗೆ ಕಾಯುವ ಅಗತ್ಯವೇ ಇಲ್ಲ. ಫ್ಲೀಟ್ ಸ್ಟ್ರೀಟಿನ ಆರಂಭದಲ್ಲಿ ರಸ್ತೆಯ ನಡುವೆ ನಿಂತಿರುವ ರೆಕ್ಕೆಯ ಪ್ರಾಣಿಯ ವಿಗ್ರಹದಿಂದ ಆಚೆಗೆ ‘ಸಿಟಿ’ ಎಂಬ ಬೇರೆಯದೇ ಆಡಳಿತದ ಹಳೆಯ ಊರು ಶುರುವಾಗುತ್ತದೆ. 1666ರ ಮಹಾ ಬೆಂಕಿಯ ನೆನಪಿಗೆ ನಿಲ್ಲಿಸಿದ ಮಾನ್ಯುಮೆಂಟ್ ಕಂಬದ ಎತ್ತರ 61 ಮೀಟರು. ಬೆಂಕಿ ಹೊತ್ತಿಕೊಂಡ ಬೇಕರಿಗೂ ಕಂಬಕ್ಕೂ ಇರುವ ದೂರವೂ ಅಷ್ಟೇ. ಆ ಬೆಂಕಿಯ ನಂತರವೇ ಕ್ರಿಸ್ಟೋಫರ್ ರೆನ್ ಈಗಿನ ಸೇಂಟ್ ಪಾಲ್ಸ್ ಇಗರ್ಜಿಯನ್ನು 1675ರಿಂದ ಕಟ್ಟಿಸತೊಡಗಿದ್ದು. ಎರಡನ್ನೂ ಒಂದೇ ಸುತ್ತಿನಲ್ಲಿ, ಹತ್ತು ನಿಮಿಷದ ಅಂತರದಲ್ಲಿ ನೋಡಿದಾಗ ಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಈ ಸುತ್ತಿನಲ್ಲಿ ಬಸ್ಸು ಟವರ್ ಬ್ರಿಜ್ ಬಳಿ ಏಕಾಏಕಿ ನಿಂತರೆ ಗಾಬರಿಯಾಗಬೇಡಿ. 1894ರಲ್ಲಿ ತೆರೆದ ಈ ಸೇತುವೆ ವರ್ಷಕ್ಕೆ ಸುಮಾರು 800 ಬಾರಿ ಹಡಗುಗಳಿಗಾಗಿ ಬಾಯಿ ತೆರೆಯುತ್ತದೆ, ರಸ್ತೆಗಿಂತ ನದಿಗೇ ಇಲ್ಲಿ ಮೊದಲ ಹಕ್ಕು. ಯಾವ ದಿನ ಎಷ್ಟು ಹೊತ್ತಿಗೆ ಏಳುತ್ತದೆಂಬ ವೇಳಾಪಟ್ಟಿ ಸೇತುವೆಯ ಜಾಲತಾಣದಲ್ಲಿ ಮುಂಚೆಯೇ ಇರುತ್ತದೆ. ನೋಡಬೇಕೆಂಬ ಆಸೆಯಿದ್ದವರು ಆ ಹೊತ್ತಿಗೆ ದಡದಲ್ಲಿ ನಿಂತಿರಬಹುದು, ಅವಸರದಲ್ಲಿರುವವರು ಆ ಹೊತ್ತನ್ನು ತಪ್ಪಿಸಿಕೊಳ್ಳಬಹುದು.

ಇಳಿಯುವ ಲೆಕ್ಕ

ಸುತ್ತು ಮುಗಿದ ಮೇಲೆ ಆ ರಾತ್ರಿ ಕುಳಿತು ಮಾರನೆಯ ದಿನದ ನಿಲ್ದಾಣಗಳನ್ನು ಆರಿಸಿ. ಜಾಹೀರಾತಿನಲ್ಲಿ ‘ಪ್ರತಿ ಹತ್ತು-ಹದಿನೈದು ನಿಮಿಷಕ್ಕೊಂದು ಬಸ್ಸು’ ಎಂದಿದ್ದರೂ ನಿಮ್ಮ ಲೆಕ್ಕದಲ್ಲಿ ಒಂದು ಸಲ ಇಳಿದು ಹತ್ತುವುದಕ್ಕೆ ಇಪ್ಪತ್ತೈದು ನಿಮಿಷ ಹಿಡಿದುಕೊಳ್ಳಿ. ನಿಲ್ದಾಣ ಹುಡುಕುವುದು, ಸಾಲಿನಲ್ಲಿ ನಿಲ್ಲುವುದು, ಬಂದ ಬಸ್ಸು ತುಂಬಿದ್ದರೆ ಮತ್ತೊಂದಕ್ಕೆ ಕಾಯುವುದು ಎಲ್ಲ ಅದರಲ್ಲಿ ಸೇರಿದೆ. ಆರು ಸಲ ಇಳಿದರೆ ಎರಡೂವರೆ ಗಂಟೆ ಫುಟ್‌ಪಾತಿನ ಮೇಲೆ ಕಳೆದಂತಾಯಿತು. ಅರ್ಧ ದಿನಕ್ಕೆ ಎರಡು, ಇಡೀ ದಿನಕ್ಕೆ ಮೂರು. ಅದಕ್ಕಿಂತ ಹೆಚ್ಚು ಕಡೆ ಇಳಿದವರು ಯಾವುದನ್ನೂ ನೋಡಿರುವುದಿಲ್ಲ. ಬಸ್ಸಿನಿಂದ ಇಳಿಯುವಾಗ, ಮತ್ತೆ ಹತ್ತುವ ನಿಲ್ದಾಣ ಅದೇಯೋ, ರಸ್ತೆಯ ಆಚೆ ಬದಿಯದೋ ಎಂದು ಚಾಲಕರನ್ನು ಕೇಳಿ, ಕೊನೆಯ ಬಸ್ಸು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತದೆಂದೂ ಕೇಳಿ. ಫಲಕದಲ್ಲಿ ಬರೆದಿರುವ ಕೊನೆಯ ಬಸ್ಸು ಸುತ್ತನ್ನು ಪೂರ್ತಿ ಮಾಡದೆ ನಡುವೆಯೇ ನಿಲ್ಲುವುದೂ ಉಂಟು.

ಅರಮನೆಯ ಕಾವಲು ಬದಲಾವಣೆ ನೋಡುವವರು ಬಸ್ಸನ್ನು ನಂಬಿ ಕೂರಬಾರದು. ಅದು ಸಾಮಾನ್ಯವಾಗಿ ಸೋಮವಾರ, ಬುಧವಾರ, ಶುಕ್ರವಾರ ಮತ್ತು ಭಾನುವಾರ ಬೆಳಿಗ್ಗೆ 11ಕ್ಕೆ ನಡೆಯುತ್ತದೆ, ಆ ಹೊತ್ತಿಗೆ ಸುತ್ತಲಿನ ರಸ್ತೆಗಳು ಮುಚ್ಚಿ ಬಸ್ಸುಗಳು ಬಳಸುದಾರಿ ಹಿಡಿಯುತ್ತವೆ. ಹತ್ತು ಗಂಟೆಗೆಲ್ಲ ವಿಕ್ಟೋರಿಯಾದಲ್ಲಿ ಇಳಿದು ನಡೆಯಿರಿ.

ಮೊದಲ ಇಳಿತ: ಟವರ್

ಒಂದೇ ಒಂದು ಜಾಗಕ್ಕೆ ಹಣ ಕೊಟ್ಟು ಒಳಗೆ ಹೋಗುವುದಾದರೆ ಟವರ್ ಆಫ್ ಲಂಡನ್‌ಗೆ ಹೋಗಿ, ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಕೋಟೆಯ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕಾದ್ದರಿಂದ ಬೆಳಿಗ್ಗೆ ಪ್ರವಾಸಿ ಬಸ್ಸಿಗೆ ಕಾಯದೆ ಸುರಂಗ ರೈಲಿನಲ್ಲಿ ಟವರ್ ಹಿಲ್ ನಿಲ್ದಾಣಕ್ಕೆ ಹೋಗಿ, ವಾಪಸು ಬರುವಾಗ ಬಸ್ಸು ಹತ್ತಿದರೆ ಅನುಕೂಲ. ಒಳಗೆ ಹೋದವರು ನೇರವಾಗಿ ರಾಜಾಭರಣಗಳ ಕಟ್ಟಡಕ್ಕೆ ನಡೆಯಿರಿ. ಹನ್ನೊಂದರ ನಂತರ ಅಲ್ಲಿ ಸಾಲು ಬೆಳೆಯುತ್ತದೆ. ಕಿರೀಟಗಳ ಮುಂದೆ ನಿಂತು ನೋಡಲು ಬಿಡುವುದಿಲ್ಲ, ನೆಲವೇ ಮೆಲ್ಲಗೆ ಸರಿಯುವ ಪಟ್ಟಿಯ ಮೇಲೆ ನಿಲ್ಲಬೇಕು, ಅದು ನಿಮ್ಮನ್ನು ಸಾಗಿಸಿಕೊಂಡು ಹೋಗುತ್ತದೆ. ಎರಡನೇ ಎಲಿಜಬೆತ್ ರಾಣಿಯ ತಾಯಿಗಾಗಿ 1937ರಲ್ಲಿ ಮಾಡಿಸಿದ ಕಿರೀಟದಲ್ಲಿ ಕೊಹಿನೂರ್ ಇದೆ. ಮೊದಲ ಸಲ ಹಾದುಹೋದಾಗ ‘ಇಷ್ಟೇನಾ’ ಎನಿಸಿ ಮುಗಿದೇ ಹೋಗುತ್ತದೆ; ಜನ ಕಡಿಮೆಯಿದ್ದರೆ ಹಿಂತಿರುಗಿ ಬಂದು ಇನ್ನೊಂದು ಸಲ ಪಟ್ಟಿ ಹತ್ತಲು ಅಡ್ಡಿಯಿಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ. ಕಡು ನೀಲಿ ಮತ್ತು ಕೆಂಪು ಬಣ್ಣದ ಸಮವಸ್ತ್ರದ ಕಾವಲುಗಾರರು ಗುಂಪು ಕಟ್ಟಿಕೊಂಡು ಕೋಟೆ ತೋರಿಸುವ ನಡಿಗೆ ಪ್ರವೇಶ ಟಿಕೆಟ್ಟಿನಲ್ಲೇ ಸೇರಿದೆ, ಬಿಡಬೇಡಿ.

ಎರಡನೆಯ ಇಳಿತ: ಸಂಸತ್ತಿನಿಂದ ಬಸವಣ್ಣನವರ ಬಳಿಗೆ

ಲಂಡನ್ ಐ ಅಥವಾ ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಇಳಿದವರಲ್ಲಿ ಹೆಚ್ಚಿನವರು ಸೇತುವೆಯ ಮೇಲೆ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ. ಕನ್ನಡಿಗರಿಗೆ ಇಲ್ಲಿ ಇನ್ನೂ ಹದಿನೈದು ನಿಮಿಷದ ಕೆಲಸವಿದೆ. ಮೊದಲು ಸಂಸತ್ತಿನ ಎದುರಿನ ಚೌಕಕ್ಕೆ ಹೋಗಿ; 2015ರ ಮಾರ್ಚ್‌ನಲ್ಲಿ ಅನಾವರಣಗೊಂಡ ಗಾಂಧೀಜಿಯ ವಿಗ್ರಹ ಚರ್ಚಿಲ್ ವಿಗ್ರಹವಿರುವ ಚೌಕದಲ್ಲೇ ನಿಂತಿದೆ. ಗಡಿಯಾರದ ಗೋಪುರದ ಹೆಸರು 2012ರಿಂದ ಎಲಿಜಬೆತ್ ಟವರ್; ಬಿಗ್ ಬೆನ್ ಎಂಬುದು ಅದರೊಳಗಿನ 13.7 ಟನ್ ತೂಕದ ಗಂಟೆಯ ಹೆಸರು. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ಆಚೆ ದಡದಲ್ಲಿ ಮೆಟ್ಟಿಲಿಳಿದು ಬಲಕ್ಕೆ ತಿರುಗಿ. ಎಡಗಡೆ ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದನೆಯ ಗೋಡೆ; ಅದರ ತುಂಬ ಕೈಯಿಂದ ಬಿಡಿಸಿದ ಕೆಂಪು ಹೃದಯಗಳು, ಎರಡು ಲಕ್ಷಕ್ಕೂ ಹೆಚ್ಚು. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರಲ್ಲಿ ಶುರುವಾದ ಸ್ಮಾರಕವಿದು, ಒಂದೊಂದು ಹೃದಯ ಒಬ್ಬೊಬ್ಬರದು. ಹತ್ತಿರ ಹೋದರೆ ಹೆಸರುಗಳನ್ನು ಓದಬಹುದು. ನಮ್ಮ ಕಡೆಯ ಹೆಸರುಗಳೂ ಕಣ್ಣಿಗೆ ಬೀಳುತ್ತವೆ.

ಗೋಡೆ ಮುಗಿದ ಮೇಲೆ ಎದುರಾಗುವುದು ಕೆಂಪು ಬಣ್ಣದ ಲ್ಯಾಂಬೆತ್ ಸೇತುವೆ. ಸಂಸತ್ತಿನ ಲಾರ್ಡ್ಸ್ ಸಭೆಯ ಆಸನಗಳ ಕೆಂಪು ಅದು. ಈಗ ನೀವು ದಾಟಿ ಬಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಕಾಮನ್ಸ್ ಸಭೆಯ ಆಸನಗಳ ಹಸಿರು. ಲ್ಯಾಂಬೆತ್ ಸೇತುವೆಯ ರಸ್ತೆಯನ್ನು ದಾಟಿ ಆಲ್ಬರ್ಟ್ ಎಂಬಾಂಕ್‌ಮೆಂಟ್ ಕಡೆಗೆ ಬಂದರೆ ನದಿಯ ದಂಡೆಯ ಪುಟ್ಟ ತೋಟದಲ್ಲಿ ಬಸವಣ್ಣನವರ ಎದೆಮಟ್ಟದ ಪ್ರತಿಮೆ ಇದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರ್ ಆದ ನೀರಜ್ ಪಾಟೀಲರ ಪ್ರಯತ್ನದಿಂದ ಇಲ್ಲಿಗೆ ಬಂದ ಈ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ನದಿಯ ಆಚೆ ದಡದಲ್ಲಿ, ಓರೆಯಾಗಿ, ಬ್ರಿಟನ್ನಿನ ಸಂಸತ್ತು ಕಾಣುತ್ತದೆ. ಅನುಭವ ಮಂಟಪದ ನೆನಪಿಗೆ ಇದಕ್ಕಿಂತ ಒಪ್ಪುವ ಜಾಗ ಲಂಡನ್ನಿನಲ್ಲಿ ಸಿಗುವುದು ಕಷ್ಟವಿತ್ತು. ಇಷ್ಟು ದೂರ ನಡೆಯಲಾಗದ ಹಿರಿಯರಿದ್ದರೆ ವೆಸ್ಟ್‌ಮಿನ್‌ಸ್ಟರ್‌ನಿಂದ ಟ್ಯಾಕ್ಸಿ ಹಿಡಿಯಿರಿ, ಐದು ನಿಮಿಷದ ದಾರಿ.

ಬಸ್ಸಿಲ್ಲದೆ ಹೋಗಬೇಕಾದ ಒಂದು ಜಾಗ

ಸೌತ್ ಕೆನ್ಸಿಂಗ್ಟನ್ ಕಡೆಗೆ ಹಲವು ಸಂಸ್ಥೆಗಳಲ್ಲಿ ಬೇರೆಯದೇ ಮಾರ್ಗವಿರುತ್ತದೆ, ನಡುವೆ ಬಸ್ಸು ಬದಲಿಸಬೇಕಾಗುತ್ತದೆ. ಆ ತಾಪತ್ರಯ ಬೇಡ. ಸುರಂಗ ರೈಲಿನಲ್ಲಿ ಸೌತ್ ಕೆನ್ಸಿಂಗ್ಟನ್ ನಿಲ್ದಾಣಕ್ಕೆ ಹೋದರೆ, ಅಲ್ಲಿಂದ ನೆಲದಡಿಯ ನಡಿಗೆದಾರಿ ವಸ್ತುಸಂಗ್ರಹಾಲಯಗಳ ಬಳಿಗೇ ಒಯ್ಯುತ್ತದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಟಿಪ್ಪುವಿನ ಹುಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಸೈನ್ಯ ಹೊತ್ತುತಂದದ್ದು. ಮರದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಕೆಂಪು ಕೋಟಿನ ಬಿಳಿಯ, ಹುಲಿಯ ಪಕ್ಕೆಯಲ್ಲಿ ತಿರುಗಿಸುವ ಹಿಡಿ, ಹೊಟ್ಟೆಯೊಳಗೆ ದಂತದ ಕೀಲಿಗಳ ಪುಟ್ಟ ಆರ್ಗನ್. ಹಿಡಿ ತಿರುಗಿಸಿದರೆ ಬಿದ್ದವನ ಕೈ ಏಳುತ್ತಿತ್ತು, ನರಳಾಟ ಕೇಳುತ್ತಿತ್ತು. ನಮ್ಮ ಮಂಡ್ಯ-ಮೈಸೂರಿನ ಮಕ್ಕಳು ಪಠ್ಯಪುಸ್ತಕದಲ್ಲಿ ನೋಡಿರುವ ಚಿತ್ರದ ಅಸಲಿ ಇದು. ದಕ್ಷಿಣ ಏಷ್ಯಾದ ಸಂಗ್ರಹವನ್ನು ಆಗಾಗ ಮರುಜೋಡಿಸುವುದರಿಂದ, ಅದು ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿದೆ ಎಂದು ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಳ್ಳಿ.

ಹೊಟ್ಟೆ, ಮಳೆ, ಮಂಡಿನೋವು

ಈ ಬಸ್ಸುಗಳಲ್ಲಿ ಶೌಚಾಲಯವಿಲ್ಲ. ಉಚಿತ ವಸ್ತುಸಂಗ್ರಹಾಲಯಗಳೂ ದೊಡ್ಡ ರೈಲು ನಿಲ್ದಾಣಗಳೂ ಈ ವಿಷಯದಲ್ಲಿ ಆಪದ್ಬಾಂಧವರು. ಟ್ರಫಾಲ್ಗರ್ ಚೌಕದಲ್ಲಿ ನ್ಯಾಷನಲ್ ಗ್ಯಾಲರಿ ಇದೆಯೆಂಬುದನ್ನು ಮಧುಮೇಹವಿರುವ ಹಿರಿಯರ ಜೊತೆ ಹೋಗುವವರು ಮನಸ್ಸಿನಲ್ಲಿಡಿ. ಮೇಲಿನ ಮಹಡಿಯ ಮೆಟ್ಟಿಲು ಕಿರಿದು ಮತ್ತು ಕಡಿದು, ಬಸ್ಸು ನಿಂತಿರುವಾಗಲೇ ಹತ್ತಿ ಇಳಿಯಬೇಕು. ಮಂಡಿನೋವಿರುವವರು ಕೆಳಗೇ ಕೂರಬೇಕಾಗಬಹುದು. ಅಲ್ಲಿಂದ ಗೋಪುರಗಳ ಬುಡವಷ್ಟೇ ಕಾಣುತ್ತದೆ, ಅಂಥವರಿಗೆ ದೋಣಿಯೇ ಒಳ್ಳೆಯದು. ಮಳೆ ಬಂದರೆ ಛತ್ರಿ ಬಿಡಿಸುವಂತಿಲ್ಲ, ಟೋಪಿಯಿರುವ ಮಳೆಕೋಟು ಬೇಕು.

ಸಸ್ಯಾಹಾರಿಗಳು ಹಸಿವಿನಿಂದ ಬಳಲುವ ಕಾಲ ಈಗಿಲ್ಲ. ಯಾವ ಅಂಗಡಿಯ ಸ್ಯಾಂಡ್‌ವಿಚ್ ಪೊಟ್ಟಣದ ಮೇಲೂ ಸಸ್ಯಾಹಾರದ ಗುರುತಿರುತ್ತದೆ. ದೋಸೆಯೇ ಬೇಕೆಂದರೆ ಯೂಸ್ಟನ್ ನಿಲ್ದಾಣದ ಹಿಂದಿನ ಡ್ರಮಂಡ್ ಸ್ಟ್ರೀಟಿಗೆ ಹೋಗಿ. ಭಾರತೀಯ ಸಸ್ಯಾಹಾರಿ ಹೋಟೆಲುಗಳಿಗೆ ದಶಕಗಳಿಂದ ಹೆಸರಾದ ಬೀದಿಯದು. ಚಟ್ನಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಉದಾರವಾಗಿರಿ.

ಟಿಕೆಟ್ಟಿನ ಅವಧಿ ಮುಗಿದ ಮೇಲೆ

ಈಗ ನಿಮಗೆ ಊರು ಗೊತ್ತು, ಇನ್ನು ಸಾಮಾನ್ಯ ಕೆಂಪು ಬಸ್ಸಿಗೆ ಬನ್ನಿ. 2025ರಲ್ಲಿ ಇದರ ಒಂದು ಪ್ರಯಾಣದ ದರ 1.75 ಪೌಂಡು, ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಇನ್ನೆಷ್ಟು ಬಸ್ಸು ಬದಲಿಸಿದರೂ ಹೆಚ್ಚಿಗೆ ಕೊಡಬೇಕಾಗಿಲ್ಲ, ದಿನವಿಡೀ ಬಸ್ಸಿನಲ್ಲೇ ಓಡಾಡಿದರೂ 5.25 ಪೌಂಡು ದಾಟುವುದಿಲ್ಲ. 11 ವರ್ಷದೊಳಗಿನ ಮಕ್ಕಳಿಗೆ ಉಚಿತ. 2014ರಿಂದ ಈ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಮುಂಬಾಗಿಲಲ್ಲಿರುವ ಹಳದಿ ಯಂತ್ರಕ್ಕೆ ಕಾರ್ಡನ್ನೋ ಮೊಬೈಲನ್ನೋ ಮುಟ್ಟಿಸಬೇಕು. ಒಂದು ಕಾರ್ಡಿನಲ್ಲಿ ಒಬ್ಬರಿಗೆ ಮಾತ್ರ. ಗಂಡ-ಹೆಂಡತಿ ಇಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಬೆಳಿಗ್ಗೆ ಕಾರ್ಡು, ಮಧ್ಯಾಹ್ನ ಮೊಬೈಲು ಎಂದು ಬದಲಿಸುತ್ತ ಹೋದರೆ ಯಂತ್ರ ಅವೆರಡನ್ನೂ ಬೇರೆ ಬೇರೆ ಜನವೆಂದು ತಿಳಿಯುತ್ತದೆ, ದಿನದ ಮಿತಿಯ ಲಾಭ ತಪ್ಪುತ್ತದೆ. ನಮ್ಮ ಬ್ಯಾಂಕಿನ ಕಾರ್ಡಾದರೆ ವಿದೇಶಿ ವಹಿವಾಟಿಗೂ ಕಾಂಟ್ಯಾಕ್ಟ್‌ಲೆಸ್ ಪಾವತಿಗೂ ಅನುಮತಿ ಕೊಟ್ಟಿದ್ದೀರೇ ಎಂದು ಊರಿನಲ್ಲೇ ನೋಡಿಕೊಂಡು ಹೊರಡಿ.

ಹ್ಯಾಂಪ್‌ಸ್ಟೆಡ್‌ನಿಂದ ಟ್ರಫಾಲ್ಗರ್ ಚೌಕ, ಸಂಸತ್ತು ದಾಟಿ ಪಿಮ್ಲಿಕೊಗೆ ಹೋಗುವ 24ನೇ ನಂಬರ್, ಆಲ್ಡ್ವಿಚ್‌ನಿಂದ ಪಿಕಡಿಲಿ, ಹೈಡ್ ಪಾರ್ಕ್ ಮೂಲೆ, ರಾಯಲ್ ಆಲ್ಬರ್ಟ್ ಹಾಲ್ ಮುಂದೆ ಹಾದುಹೋಗುವ 9ನೇ ನಂಬರ್ ಎರಡೂ ಚೆನ್ನಾಗಿವೆ. ನನ್ನ ಮೆಚ್ಚಿನದು 15. ದೀಪ ಹತ್ತಿದ ಮೇಲೆ ಟವರ್ ಬಳಿ ಟ್ರಫಾಲ್ಗರ್ ಚೌಕದ ದಿಕ್ಕಿಗೆ ಹೋಗುವ 15ನ್ನು ಹತ್ತಿ, ಮೇಲಿನ ಮಹಡಿಗೆ ಹೋಗಿ ಮುಂದಿನ ಗಾಜಿನ ಹಿಂದೆ ಕೂರಿ. ಸೇಂಟ್ ಪಾಲ್ಸ್ ಬಲಗಡೆ ಬರುತ್ತದೆ, ಬೆಳಕು ಚೆಲ್ಲಿದ ಗುಮ್ಮಟ ಕಿಟಕಿಗೆ ಹಿಡಿಸುವುದಿಲ್ಲ, ಕತ್ತು ಬಗ್ಗಿಸಿ ನೋಡಬೇಕು. ಬಸ್ಸು ಫ್ಲೀಟ್ ಸ್ಟ್ರೀಟಿಗೆ ಇಳಿದು, ರೆಕ್ಕೆಯ ಪ್ರಾಣಿಯನ್ನು ದಾಟಿ, ನ್ಯಾಯಾಲಯದ ಕಲ್ಲಿನ ಗೋಪುರಗಳನ್ನು ಬಲಕ್ಕೆ ಬಿಟ್ಟು ಆಲ್ಡ್ವಿಚ್‌ನ ತಿರುವಿಗೆ ಬಂದಾಗ ಎಡಗಡೆ ನೋಡಿ. 1930ರಲ್ಲಿ ತೆರೆದ ಇಂಡಿಯಾ ಹೌಸ್, ಅಂದರೆ ನಮ್ಮ ಹೈಕಮಿಷನ್ ಅಲ್ಲಿದೆ. ಪಾಸ್‌ಪೋರ್ಟ್ ಕಳೆದುಕೊಂಡರೆ ವಿಚಾರಿಸಬೇಕಾದ ಕಟ್ಟಡ ಅದೇ ಆದ್ದರಿಂದ, ಗುರುತು ಇಟ್ಟುಕೊಂಡಿರಿ.